ಬಚ್ಚಲುಮನೆಯ ತಟ್ಟೆಮೀನು

ಚೇರಂಬಾಣೆ
14-6-1960

ಚಿ॥ ಕಾತ್ಯಾಯನಿಗೆ ಅಪ್ಪಯ್ಯನ ಆಶೀರ್ವಾದಗಳು. ನಾನೂ ಅಮ್ಮನೂ ಕ್ಷೇಮ. ನಿನ್ನ ಕ್ಷೇಮಕ್ಕೆ ಬರೆ.

ನಿನ್ನ ಮೀನಿನ ಕಥೆಯನ್ನು ನನಗೆ ಮೊದಲು ಹೇಳಿದವನು ಕಂಡಕ್ಟರ್ ಬೆಳ್ಯಪ್ಪ. ಹೇಳಿದ್ದು ಮೊನ್ನೆ ಭಾನುವಾರ ಸಂಜೆ, ಬಸ್ಸಿನ ಮೆಟ್ಟಿಲ ಮೇಲೆ ನಿಂತು, ಬಸ್ಸಿಗೆ ಬಸ್ಸೇ ಕೇಳುವ ಹಾಗೆ. "ಅಯ್ಯನೋರೇ, ಮೆಲ್ಲ ಹಿಡೀರಿ, ಒಳಗೆ ಜೀವ ಉಂಟು! ಮೈಸೂರಿಂದ ಇಲ್ಲಿ ತನಕ ಈ ಕ್ಯಾನು ನನ್ನ ತೊಡೆ ಮೇಲೆ. ಟಿಕೆಟ್ ಹರಿಯಲಿಕ್ಕೂ ಕೈ ಇರ್ಲಿಲ್ಲ. ಇವತ್ತು ಅರ್ಧ ಬಸ್ಸು ಧರ್ಮಕ್ಕೆ ಬಂತು!" ಎಂದ. ಹಾಲಿನ ಕ್ಯಾನಿನ ಮುಚ್ಚಳ ತೆಗೆದರೆ ಎಂಟಾಣೆ ಬಿಲ್ಲೆಯಷ್ಟು ಅಗಲದ ಆರು ಮರಿಗಳು. ಉರುಟು, ಚಪ್ಪಟೆ. ಯಾರೋ ಮೀನನ್ನು ಎರಡು ಅಂಗೈ ನಡುವೆ ಇಟ್ಟು ರೊಟ್ಟಿಯಂತೆ ತಟ್ಟಿದ ಹಾಗೆ!

ಬೆಳ್ಯಪ್ಪ ಅಷ್ಟಕ್ಕೇ ಬಿಡಲಿಲ್ಲ. "ಇದು ಅಮೆಜಾನ್ ಅಂತ ದೊಡ್ಡ ಹೊಳೆಯ ಮೀನಂತೆ. ಮರಿ ಹಾಕಿದರೆ ಮೈಯಿಂದಲೇ ಹಾಲು ಕೊಡ್ತದಂತೆ" ಎಂದ. ಹತ್ತೊಂಬತ್ತು ವರ್ಷದಿಂದ ದೇವಸ್ಥಾನದ ಜಗಲಿಯಲ್ಲಿ ಪುರಾಣ ಹೇಳುತ್ತಿರುವ ನಾನೇ ಅಷ್ಟು ಧೈರ್ಯ ಮಾಡಿದವನಲ್ಲ. ಅವನ ಬಾಯಿಗೆ ಬೀಗವಿಲ್ಲ ಎಂದುಕೊಂಡೆ.

ಕ್ಯಾನನ್ನು ಮನೆಗೆ ತಂದಾಗ ಪಕ್ಕದ ಗದ್ದೆಯ ದೇರಪ್ಪ ಗೌಡ ಬಗ್ಗಿ ನೋಡಿ, "ಇದ್ ಎಂತ ಮೀನ್ ಅಯ್ಯನೋರೇ? ಹುರ್ದರೆ ಒಂದ್ ತುತ್ತಿಗೂ ಸಾಲ!" ಎಂದ. ಅಮ್ಮ ಅವನನ್ನು ಹೇಗೆ ನೋಡಿದಳೆಂದರೆ ಅವನು ಚಪ್ಪಲಿಯನ್ನೂ ಮರೆತು ಹೋದ.

ಕ್ಯಾನಿನ ಜೊತೆಗಿದ್ದ ನಿನ್ನ ಚೀಟಿಯಲ್ಲಿ ಹೇಳಿದಂತೆ, ನೀನು ಕಳಿಸಿದ ಗಾಜಿನ ತೊಟ್ಟಿಯನ್ನು ಬಚ್ಚಲುಮನೆಯ ಕಟ್ಟೆಯ ಮೇಲೆ ಇಟ್ಟಿಗೆ ಜೋಡಿಸಿ ಇಟ್ಟು, ಅಡಿಯ ಕಲ್ಲುಹಲಗೆಯ ಕೆಳಗೆ ಲಾಟೀನು ಉರಿಸಿದ್ದೇನೆ. ಆದರೆ ಮಗಳೇ, ಪೂಜಾರಿಯ ಮನೆಗೆ ಮೀನು ಯಾಕೆ?

ಇತಿ ನಿನ್ನ ತಂದೆ,
ತಿಮ್ಮಪ್ಪಯ್ಯ


ಮೈಸೂರು
20-6-1960

ತೀರ್ಥರೂಪ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಯಾಕೆಂದು ಹೇಳುತ್ತೇನೆ, ಕೋಪಿಸಬೇಡಿ. ಇದರ ಹೆಸರು ಡಿಸ್ಕಸ್. ಕಾಲೇಜಿನವರು ಬೊಂಬಾಯಿಗೆ ಹೋಗಿದ್ದಾಗ ಒಂದು ಮೀನಿನ ಅಂಗಡಿಯಲ್ಲಿ ಕಂಡೆ. ಅಂಗಡಿಯವನು ಮೂಲೆಯಲ್ಲಿ ಮುದುರಿ ನಿಂತಿದ್ದ ಮರಿಗಳನ್ನು ನನಗೆ ದಾಟಿಸಲು ನೋಡಿದ. ನಾನು ಬಿಡಲಿಲ್ಲ! ಅವನು ಆಹಾರ ಹಾಕುವವರೆಗೆ ಒಂದು ಗಂಟೆ ನಿಂತೆ. ಮೈ ಚಿಕ್ಕದಾಗಿ ಕಣ್ಣು ದೊಡ್ಡದಿದ್ದರೆ ಅದು ಬೆಳವಣಿಗೆ ನಿಂತ ಮರಿ. ಅಂಥವನ್ನು ಬಿಟ್ಟು, ತಿನ್ನಲು ಮುನ್ನುಗ್ಗಿ ಬಂದ ಆರನ್ನು ಬೆರಳು ತೋರಿಸಿ ಆರಿಸಿಕೊಂಡೆ.

ಹಾಸ್ಟೆಲಿನಲ್ಲಿ ಇಡುವಂತಿಲ್ಲ. ಇಟ್ಟರೂ ಮೈಸೂರಿನ ನೀರು ಗಡಸು, ಸಾಬೂನು ನೊರೆಯೇ ಬರುವುದಿಲ್ಲ. ನಮ್ಮೂರಿನ ನೀರಿನಲ್ಲಿ ಎಷ್ಟು ತೊಳೆದರೂ ಸಾಬೂನಿನ ಜಾರು ಹೋಗುವುದಿಲ್ಲವಲ್ಲ, ಅಂಥ ಮೆದು ನೀರೇ ಈ ಮೀನಿಗೆ ಬೇಕು. ಅದರ ಹೊಳೆಯ ನೀರೂ ಹಾಗೆಯೇ.

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರ ಹತ್ತಿರ ಸಂಶೋಧನೆಗೆ ಇರುವುದು ಒಂದೇ ಜಾಗ. ಮುಂದಿನ ವರ್ಷದ ದಸರೆಯೊಳಗೆ ಯಾರು ಸ್ವಂತ ಕೆಲಸ ತೋರಿಸುತ್ತಾರೋ ಅವರಿಗೆ. ಡಿಸ್ಕಸ್ ಮರಿ ಮಾಡಿ ಸಾಕುವುದನ್ನು ನಮ್ಮಲ್ಲಿ ಯಾರೂ ನೋಡಿ ಬರೆದಿಲ್ಲವೆಂದು ಮೇಷ್ಟ್ರು ಹೇಳಿದರು. ಆ ಜಾಗ ಸಿಗದಿದ್ದರೆ ನಿಮ್ಮ ಮಾತಿನಂತೆ ಮಡಿಕೇರಿಯ ಶಾಲೆಯಲ್ಲಿ ಟೀಚರಾಗುತ್ತೇನೆ. ತಕರಾರು ಮಾಡುವುದಿಲ್ಲ. ಅಲ್ಲಿಯವರೆಗೆ ನೀವೇ ನನ್ನ ಕಣ್ಣು.

ನೀರು ಎಂಬತ್ತನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಇರಲಿ. ದಿನ ಬಿಟ್ಟು ದಿನ ಮೂರನೇ ಒಂದು ಪಾಲು ನೀರು ಬದಲಿಸಿ. ಕ್ಯಾನಿನ ಜೊತೆ ಕಳಿಸಿದ ಡಬ್ಬಿಯಲ್ಲಿರುವ ಆಹಾರವನ್ನು ಹೊತ್ತಿಗೆ ಒಂದು ಚಿಟಿಕೆ ಹಾಕಿದರೆ ಸಾಕು.

ಇತಿ ನಿಮ್ಮ ಮಗಳು,
ಕಾತ್ಯಾಯನಿ


ಚೇರಂಬಾಣೆ
9-7-1960

ಚಿ॥ ಕಾತ್ಯಾಯನಿಗೆ ಆಶೀರ್ವಾದಗಳು.

ಮುಂದಿನ ವರ್ಷದ ದಸರೆ ಎಂದೆ. ಆಗಲಿ, ಅಲ್ಲಿಯವರೆಗೆ ಕಾಯುತ್ತೇನೆ. ಕಣ್ಣಾಗು ಎಂದರೆ ಕಣ್ಣಾಗುತ್ತೇನೆ. ಆದರೆ ನಿನ್ನ ಮರಿಗಳು ಉಣ್ಣುತ್ತಿಲ್ಲ! ಡಬ್ಬಿ ವಾಸನೆ ಬಂದಿತೆಂದು ಅಮ್ಮ ಅದನ್ನು ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದಳು. ಹೋಗಲಿ ಎಂದು ಮಂಡಕ್ಕಿ ಹಾಕಿದೆ, ಮೂಸಲಿಲ್ಲ. ಮೊಸರನ್ನ ಹಾಕಿದೆ, ನೀರೇ ಮಜ್ಜಿಗೆಯಾಯಿತು. ದೇವಸ್ಥಾನದ ಕೆರೆಯ ಮೀನುಗಳು ನೈವೇದ್ಯದ ಅನ್ನಕ್ಕೆ ಒಂದರ ಮೇಲೊಂದು ಬೀಳುತ್ತವೆ. ಇವಕ್ಕೇನು ಇಷ್ಟು ಗತ್ತು?

ಏಕಾದಶಿಯಂದು ಹೇಗೂ ನಮಗೆಲ್ಲ ಉಪವಾಸ, ಅವಕ್ಕೂ ಉಪವಾಸ. ಆದರೆ ಈ ಮೀನುಗಳಿಗೆ ವಾರವಿಡೀ ಏಕಾದಶಿಯಾಗಿದೆ. ಹೊಟ್ಟೆ ಒಳಗೆ ಹೋಗಿದೆ.

ನೇರ ಕೇಳುತ್ತೇನೆ. ಆ ಡಬ್ಬಿಯಲ್ಲಿ ಏನಿದೆ?

ಇತಿ,
ತಿಮ್ಮಪ್ಪಯ್ಯ


ಮೈಸೂರು
14-7-1960

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ಒಣಸಿಗಡಿಯ ಪುಡಿ. ಬರೆದರೆ ನೀವು ಮೀನನ್ನೇ ಹೊಳೆಗೆ ಬಿಡುತ್ತೀರೆಂದು ಹೆದರಿ ಬರೆಯಲಿಲ್ಲ. ಅದೂ ಸಾಲದು. ಎಳೆಯ ಮರಿಗಳಿಗೆ ದಿನಕ್ಕೆ ನಾಲ್ಕು ಸಲ ಕೊಚ್ಚಿದ ಎರೆಹುಳು ಬೇಕು. ಇವು ಹುಟ್ಟಿನಿಂದಲೇ ಮಾಂಸಾಹಾರಿಗಳು.

ಮುಚ್ಚಿಟ್ಟದ್ದು ತಪ್ಪಾಯಿತು. ಬೇಡವೆಂದಾದರೆ ಬೆಳ್ಯಪ್ಪನ ಕೈಯಲ್ಲೇ ವಾಪಸು ಕಳಿಸಿ. ಇಲ್ಲಿ ಬದುಕುವುದಿಲ್ಲ, ಆದರೂ ಕಳಿಸಿ.

ಕಾತ್ಯಾಯನಿ


ಚೇರಂಬಾಣೆ
30-8-1960

ಚಿ॥ ಕಾತ್ಯಾಯನಿಗೆ ಆಶೀರ್ವಾದಗಳು.

ಆರು ವಾರ ಬರೆಯಲಿಲ್ಲ. ಬರೆಯಲು ಕೈ ಏಳಲಿಲ್ಲ.

ನಿನ್ನ ಕಾಗದ ಓದಿದ ದಿನವೇ ಕ್ಯಾನು ತೊಳೆದು ಇಟ್ಟಿದ್ದೆ. ಬೆಳಿಗ್ಗೆಯ ಬಸ್ಸಿಗೆ ಕೊಡುವುದೆಂದು. ಅಮ್ಮ ಒಲೆಯ ಮುಂದಿನಿಂದ ಏಳದೆಯೇ ಕೇಳಿದಳು: "ನಾಗರಪಂಚಮಿಗೆ ಹಾಲೆರೆದು ಬರ್ತೀರಲ್ಲ, ಆ ನಾಗ ಉಳಿದ ದಿನ ಎಂತ ತಿಂತಾನೆ? ಮೊಸರನ್ನವಾ?"

ನಾನು ಹತ್ತಾರು ಪುರಾಣ ಬಲ್ಲವನು. ಆದರೂ ತೊಳೆದ ಕ್ಯಾನನ್ನು ತಿರುಗಿ ಅಟ್ಟಕ್ಕೆ ಹಾಕಿದೆ.

ಈಗ ವ್ಯವಸ್ಥೆ ಹೀಗೆ. ದೇರಪ್ಪ ಗದ್ದೆಯ ಅಂಚಿನಲ್ಲಿ ಹುಳು ಅಗೆದು, ಅಲ್ಲೇ ಬಾಳೆಯೆಲೆಯ ಮೇಲೆ ಕೊಚ್ಚಿ, ಬಚ್ಚಲುಮನೆಯ ಕಿಟಕಿಯಿಂದ ಹಾಕುತ್ತಾನೆ. ನಾನು ಹೊರಗೆ ಬೆನ್ನು ತಿರುಗಿಸಿ ನಿಂತಿರುತ್ತೇನೆ. "ತಿಂದವಾ?" ಎಂದು ಕೇಳುತ್ತೇನೆ. "ಅಯ್ಯನೋರೇ, ಒಂದೂ ಬಿಟ್ಟಿಲೆ! ನಮ್ಮ ಮಾವನ ಮನೆಯೋರ್ ಹಂಗೆ ತಿಂತೊ!" ಎನ್ನುತ್ತಾನೆ. ಆಮೇಲೆ ನಾನು ಒಳಗೆ ಹೋಗಿ ನೀರು ಬದಲಿಸುತ್ತೇನೆ.

ಮಗಳೇ, ಅವು ಬೆಳೆಯುತ್ತಿವೆ! ಎಂಟಾಣೆ ಹೋಗಿ ರೂಪಾಯಿಯನ್ನೂ ದಾಟಿದವು. ಮೈಮೇಲೆ ನೀಲಿ ಗೆರೆಗಳು ಬಂದಿವೆ, ಪತ್ತಲದ ಅಂಚಿನ ಹಾಗೆ. ನನ್ನನ್ನು ಕಂಡರೆ ಆರೂ ಗಾಜಿಗೆ ಬಂದು ಮೂತಿ ಒತ್ತುತ್ತವೆ. ದೇರಪ್ಪನಿಗೆ ಹೊಟ್ಟೆಕಿಚ್ಚು: "ಉಣ್ಣಿಸುದು ನಾನ್, ಪ್ರೀತಿ ನಿಮ್ಮೇಲೆ!"

ಏಕಾದಶಿ ಉಪವಾಸ ಮಾತ್ರ ನಡೆಯುತ್ತದೆ. ನನ್ನ ಮನೆಯಲ್ಲಿರುವವರೆಗೆ ಅದರಲ್ಲಿ ವಿನಾಯಿತಿ ಇಲ್ಲ.

ಇತಿ,
ತಿಮ್ಮಪ್ಪಯ್ಯ


ಮೈಸೂರು
6-9-1960

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ! ಮೇಷ್ಟ್ರಿಗೂ ಓದಿ ಹೇಳಿದೆ. ಏಕಾದಶಿಯ ವಿಷಯ ಕೇಳಿ ಅವರು ಗಟ್ಟಿಯಾಗಿ ನಕ್ಕರು. ಆಮೇಲೆ, "ಒಂದು ಹೊತ್ತು ಹಸಿದಿದ್ದರೆ ಮೀನಿಗೆ ಒಳ್ಳೆಯದೇ, ಮುಂದುವರಿಸಲಿ" ಎಂದರು. ನಿಮ್ಮ ಏಕಾದಶಿಗೆ ವಿಜ್ಞಾನದ ಒಪ್ಪಿಗೆ ಸಿಕ್ಕಿತು!

ಮುಂದೆ ಚಳಿ ಬರುತ್ತದೆ. ಇದೊಂದು ಮಾತು ನೆನಪಿಡಿ. ಯಾವ ಕಾರಣಕ್ಕೂ ನೀರು ತಣ್ಣಗಾಗಬಾರದು.

ಕಾತ್ಯಾಯನಿ


ಚೇರಂಬಾಣೆ
18-1-1961

ಚಿ॥ ಕಾತ್ಯಾಯನಿಗೆ ಆಶೀರ್ವಾದಗಳು. ಇಲ್ಲಿ ಎಲ್ಲ ಕ್ಷೇಮ. ಮೀನುಗಳೂ ಕ್ಷೇಮ.

ಈ ಸಲದ ಚಳಿಗೆ ಲಾಟೀನು ಸಾಲದಾಯಿತು. ನಾನು ಸುಮ್ಮನಿರಲಿಲ್ಲ, ಉಪಾಯ ಮಾಡಿದೆ. ತೊಟ್ಟಿಯ ಪಕ್ಕದಲ್ಲೇ ಹಂಡೆ ಇದೆಯಲ್ಲ, ಹೇಗೂ ಸ್ನಾನಕ್ಕೆ ಸದಾ ಕಾದಿರುತ್ತದೆ. ಬೆಳಿಗ್ಗೆ ನಾಲ್ಕು ಚೊಂಬು, ಸಂಜೆ ನಾಲ್ಕು ಚೊಂಬು ಬಿಸಿನೀರು ತೊಟ್ಟಿಗೆ. ನಿನ್ನ ಡಿಗ್ರಿ ಕೊಳವೆ ಎಂಬತ್ತನಾಲ್ಕರಿಂದ ಅಲ್ಲಾಡುವುದಿಲ್ಲ! ನಮ್ಮ ಅಜ್ಜನ ಕಾಲದ ತಾಮ್ರದ ಹಂಡೆ. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿದ್ದೇನೆ. ಅದಕ್ಕಿಂತ ಶುದ್ಧವಾದ ನೀರು ಮೈಸೂರು ಅರಮನೆಯಲ್ಲೂ ಇರಲಾರದು.

ಮೀನುಗಳು ಈಗ ಗಂಭೀರವಾಗಿವೆ. ಓಡಾಟ ಕಡಿಮೆ. ಬಣ್ಣವೂ ತಿರುಗಿದೆ, ನಮ್ಮ ಕೃಷ್ಣನ ಹಾಗೆ ಕಪ್ಪಾಗಿವೆ. ಪ್ರಾಯ ಬಂದ ಲಕ್ಷಣವಿರಬೇಕು.

ಇತಿ,
ತಿಮ್ಮಪ್ಪಯ್ಯ

(ಕಾತ್ಯಾಯನಿ, ಕಾಗದ ಅಂಟಿಸಲು ನನ್ನ ಕೈಗೆ ಕೊಟ್ಟಿದ್ದಾರೆ. ಆರಲ್ಲ, ನಾಲ್ಕೇ ಇವೆ. ಎರಡನ್ನು ಪಾರಿಜಾತದ ಬುಡದಲ್ಲಿ ಮಣ್ಣು ಮಾಡಿದರು. ಎರಡು ದಿನ ಅವರೂ ಸರಿಯಾಗಿ ಉಣ್ಣಲಿಲ್ಲ. ನಾನು ಬರೆದೆನೆಂದು ಹೇಳಬೇಡ. ನಿನ್ನ ಅಮ್ಮ, ಗೋಮತಿ.)


ಮೈಸೂರು
20-1-1961
ಬೆಳ್ಯಪ್ಪನ ಕೈಯಲ್ಲಿ, ಅವಸರ

ಅಪ್ಪಯ್ಯ,

ಹಂಡೆಯ ನೀರು ನಿಲ್ಲಿಸಿ! ಈ ಕಾಗದ ಓದಿ ಮುಗಿಸುವುದಕ್ಕೂ ಮೊದಲು ನಿಲ್ಲಿಸಿ!

ಅದು ಕೃಷ್ಣನ ಬಣ್ಣವಲ್ಲ. ಕಾಯಿಲೆ ಬಿದ್ದರೆ ಡಿಸ್ಕಸ್ ಕಪ್ಪಾಗುತ್ತದೆ. ನಮ್ಮೂರಿನ ಮೆದು ನೀರು ಬಿಸಿಯಾಗಿ ತಾಮ್ರದಲ್ಲಿ ನಿಂತರೆ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ನಾವು ಮಿಂದರೆ ಏನೂ ಆಗದು. ಮೀನಿಗೆ ಅದು ವಿಷ. ಈಗಲೇ ಅರ್ಧ ತೊಟ್ಟಿ ಖಾಲಿ ಮಾಡಿ ಒರತೆಯ ನೀರು ತುಂಬಿ. ಮಣ್ಣಿನ ಮಡಕೆಯಲ್ಲಿ ಕಾಯಿಸಿ, ಹದ ಮಾಡಿ ಹಾಕಿ. ನಾಳೆಯೂ ಹಾಗೆಯೇ ಮಾಡಿ, ನಾಡಿದ್ದೂ.

ತಪ್ಪು ನಿಮ್ಮದಲ್ಲ. ಬಿಸಿ ಇರಲಿ ಎಂದು ಬರೆದೆ, ಯಾವ ಪಾತ್ರೆಯಲ್ಲಿ ಎಂದು ಬರೆಯಲಿಲ್ಲ. ಹಂಡೆಯ ಬುಡದಲ್ಲೇ ಹುಟ್ಟಿ ಬೆಳೆದವಳಿಗೆ ಅದು ಹೊಳೆಯಬೇಕಿತ್ತು. ಉಳಿದ ನಾಲ್ಕಾದರೂ ಬದುಕಲಿ.

ಕಾತ್ಯಾಯನಿ


ಚೇರಂಬಾಣೆ
3-2-1961

ಚಿ॥ ಕಾತ್ಯಾಯನಿಗೆ ಆಶೀರ್ವಾದಗಳು.

ಬೆಳ್ಯಪ್ಪ ಬಸ್ಸನ್ನು ನಮ್ಮ ಗೇಟಿನ ಮುಂದೆಯೇ ನಿಲ್ಲಿಸಿ ಓಡಿಬಂದ. ಬಸ್ಸಿನಲ್ಲಿದ್ದ ಎಂಟು ಜನ ಅವನ ಹಿಂದೆ ಬಂದರು. ಒರತೆಯಿಂದ ಬಚ್ಚಲುಮನೆಯವರೆಗೆ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸಿದರು. ಬಸ್ಸು ಅರ್ಧ ಗಂಟೆ ತಡ. ಡ್ರೈವರು ಹಾರ್ನ್ ಒತ್ತೀ ಒತ್ತೀ ಸುಸ್ತಾಗಿ, ಕೊನೆಗೆ ತಾನೂ ಬಂದು ಒಂದು ಕೊಡ ಹಿಡಿದ.

ಐದನೆಯ ದಿನಕ್ಕೆ ಕಪ್ಪು ಇಳಿಯಿತು. ಒಂಬತ್ತನೆಯ ದಿನ ನೀಲಿ ಗೆರೆ ಕಂಡಿತು. ನಿನ್ನೆ ದೇರಪ್ಪನ ಕೈಯಿಂದ ಹುಳು ಕಿತ್ತುಕೊಂಡವು. ನಾನು ತಿರುಗಿ ನಿಂತು ನೋಡಿದೆ. ಹೌದು, ನೋಡಿದೆ. ಕಣ್ಣಾಗು ಎಂದು ನೀನು ಹೇಳಿದ್ದು, ಬೆನ್ನಾಗು ಎಂದಲ್ಲ.

ನಾಲ್ಕು ಎಂದು ನಿನಗೆ ಹೇಗೆ ತಿಳಿಯಿತು ಎಂದು ನಾನು ಕೇಳುವುದಿಲ್ಲ. ನಿನ್ನ ಅಮ್ಮ ಹತ್ತು ದಿನದಿಂದ ನನ್ನ ಮುಂದೆ ಬಂದಾಗಲೆಲ್ಲ ದೇವರನಾಮ ಗುನುಗುತ್ತಿದ್ದಾಳೆ. ಸತ್ತದ್ದನ್ನು ಬರೆಯಲು ನನಗೇ ಮನಸ್ಸು ಬರಲಿಲ್ಲ ಮಗಳೇ. ಈಗ ಒಂದು ನೋಟ್‌ಬುಕ್ಕು ಇಟ್ಟಿದ್ದೇನೆ. ಒಳ್ಳೆಯದೂ ಕೆಟ್ಟದ್ದೂ ಎರಡನ್ನೂ ದಿನಾ ಬರೆಯುತ್ತೇನೆ.

ಇತಿ,
ತಿಮ್ಮಪ್ಪಯ್ಯ


ಚೇರಂಬಾಣೆ
28-8-1961

ಚಿ॥ ಕಾತ್ಯಾಯನಿಗೆ ಆಶೀರ್ವಾದಗಳು.

ರಸ್ತೆ ಕುಸಿದು ಟಪ್ಪಾಲು ನಿಂತಿತ್ತು. ಅಷ್ಟರಲ್ಲಿ ಇಲ್ಲಿ ಎಷ್ಟೆಲ್ಲ ಆಯಿತು!

ನೀನು ಬೇಸಿಗೆಯಲ್ಲಿ ಬಂದಾಗ ತೊಟ್ಟಿಯೊಳಗೆ ಬೋರಲು ಇಟ್ಟು ಹೋದ ಮಣ್ಣಿನ ಮಡಕೆಯನ್ನು ಎರಡು ಮೀನು ತಮ್ಮದೆಂದು ಮಾಡಿಕೊಂಡವು. ಉಳಿದ ಎರಡನ್ನು ಮೂಲೆಗೆ ಅಟ್ಟಿದವು. ಮೂರು ದಿನ ಬಾಯಿಯಿಂದ ಮಡಕೆ ಉಜ್ಜಿದವು, ಅಮ್ಮ ಹಬ್ಬಕ್ಕೆ ಪಾತ್ರೆ ತಿಕ್ಕುವ ಹಾಗೆ. ಆಗಸ್ಟ್ ಹನ್ನೊಂದರ ಸಂಜೆ ಮಡಕೆಯ ತುಂಬ ಸಾಸಿವೆಯಂಥ ಮೊಟ್ಟೆ! ಸಾಲುಸಾಲಾಗಿ! ನಾನು ಬಚ್ಚಲುಮನೆಯಿಂದ ಕೂಗಿದ ಕೂಗಿಗೆ ಅಮ್ಮ ನಾನು ಜಾರಿ ಬಿದ್ದೆನೆಂದು ಓಡಿಬಂದಳು. ಸುದ್ದಿ ತಿಳಿದು ಊರೇ ಬಂತು. ಒಬ್ಬೊಬ್ಬರೂ ಗಾಜು ತಟ್ಟಿದರು.

ಬೆಳಿಗ್ಗೆ ನೋಡಿದರೆ ಒಂದು ಮೊಟ್ಟೆಯೂ ಇಲ್ಲ. ತಂದೆತಾಯಿಗಳೇ ತಿಂದಿದ್ದವು.

ನಾನು ನೋಟ್‌ಬುಕ್ಕಿನಲ್ಲಿ "ಹೋಯಿತು" ಎಂದು ಒಂದೇ ಶಬ್ದ ಬರೆದೆ. ದಸರೆಯ ಲೆಕ್ಕ ಹಾಕಿದೆ. ಅಮ್ಮ ಮಾತ್ರ ಸೊಂಟಕ್ಕೆ ಸೆರಗು ಕಟ್ಟಿದಳು. "ಬಾಣಂತಿಕೋಣೆಗೆ ಊರನ್ನೆಲ್ಲ ಬಿಡ್ತಾರಾ ಯಾರಾದ್ರೂ? ನೀವು ಕಥೆ ಹೇಳ್ತೀರಿ, ಬುದ್ಧಿ ಬೇಡವಾ?" ಎಂದು ತೊಟ್ಟಿಯ ಮೂರು ಬದಿಗೆ ಕಂಬಳಿ ಇಳಿಬಿಟ್ಟಳು. ಕಿಟಕಿಗೆ ಗೋಣಿ ಕಟ್ಟಿದಳು. ನೀನು ಹುಟ್ಟಿದಾಗ ಇಟ್ಟ ಹಾಗೆ ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟಳು. ಬಾಗಿಲಲ್ಲಿ ಮಣೆ ಹಾಕಿ ತಾನೇ ಕುಳಿತಳು. ದೇರಪ್ಪನಿಗೂ ಪ್ರವೇಶವಿಲ್ಲ. ನನಗೆ ದಿನಕ್ಕೆ ಎರಡು ಸಲ, ಕೆಮ್ಮದೆ ಹೋಗಿ ಬರಲು ಅಪ್ಪಣೆ.

ಇನ್ನೊಮ್ಮೆ ಇಡುತ್ತವೆಯೇ? ಬೇಗ ಬರೆ.

ಇತಿ,
ತಿಮ್ಮಪ್ಪಯ್ಯ


ಮೈಸೂರು
4-9-1961

ತೀರ್ಥರೂಪ ಅಪ್ಪಯ್ಯನವರಿಗೆ ನಮಸ್ಕಾರಗಳು.

ಇಡುತ್ತವೆ! ಮೊದಲ ಸಲ ತಿನ್ನುವುದು ರೂಢಿಯೇ. ಗಾಬರಿಪಡಿಸದಿದ್ದರೆ ಎರಡನೆಯದೋ ಮೂರನೆಯದೋ ಉಳಿಯುತ್ತದೆ. ಮೇಷ್ಟ್ರು ಅಮ್ಮನ ಏರ್ಪಾಡು ಕೇಳಿ, "ನಾನು ಹೇಳುವುದಕ್ಕೆ ಏನೂ ಉಳಿದಿಲ್ಲ" ಎಂದರು. ಅರ್ಜಿಗೆ ಅಕ್ಟೋಬರ್ ಹತ್ತು ಕೊನೆ. ನನಗೆ ಅಲ್ಲಿಯವರೆಗೆ ರಜೆ ಇಲ್ಲ.

ಮೊಟ್ಟೆ ಮರಿಯಾದ ಮೇಲೆ ನೀವು ಏನು ಕಾಣುತ್ತೀರೆಂದು ನಾನು ಬೇಕೆಂದೇ ಬರೆಯುವುದಿಲ್ಲ. ಬರೆದರೆ ನನ್ನ ಮಾತನ್ನು ನೀವು ನೋಡಿದ್ದೀರೆಂದಾಗುತ್ತದೆ. ಕಂಡದ್ದನ್ನು ಮಾತ್ರ ಬರೆಯಿರಿ.

ಕಾತ್ಯಾಯನಿ


ಚೇರಂಬಾಣೆ
19-9-1961

ಚಿ॥ ಕಾತ್ಯಾಯನಿ,

ಆಶೀರ್ವಾದ, ಕ್ಷೇಮ, ಎಲ್ಲ ಆಮೇಲೆ! ಕೇಳು!

ಈ ತಿಂಗಳ ಹನ್ನೊಂದರಂದು ಮತ್ತೆ ಮೊಟ್ಟೆ ಇಟ್ಟವು. ಈ ಸಲ ಎರಡೂ ಸರದಿಯ ಮೇಲೆ ರೆಕ್ಕೆ ಬೀಸುತ್ತ ಕಾದವು. ಮೂರನೆಯ ದಿನ ಮಡಕೆಯ ಮೇಲೆ ಬಾಲಗಳು ಅಲುಗಿದವು. ಹದಿನೇಳರ ಬೆಳಿಗ್ಗೆ ಕಂಬಳಿ ಸರಿಸಿ ನೋಡುತ್ತೇನೆ, ಮಡಕೆ ಖಾಲಿ! ಮತ್ತೆ ನೋಡಿದರೆ ತಾಯಿ ಮೀನಿನ ಎರಡೂ ಪಕ್ಕೆಗೆ ಏನೋ ಮುತ್ತಿಕೊಂಡಿದೆ. ದನಕ್ಕೆ ಉಣ್ಣಿ ಹತ್ತಿದ ಹಾಗೆ, ನೂರು ನೂರೈವತ್ತು! ಮೈಯನ್ನು ಕುಕ್ಕಿ ಕುಕ್ಕಿ ತಿನ್ನುತ್ತಿವೆ. ಈ ಹುಳುಗಳು ಮರಿಗಳನ್ನು ಮುಗಿಸಿ ತಾಯಿಗೇ ಹತ್ತಿದವೆಂದು ನಾನು ಚಹಾ ಸೋಸುವ ಜಾಲರಿ ಹಿಡಿದು ನೀರಿಗೆ ಕೈ ಹಾಕಿದೆ.

ಅಮ್ಮ ನನ್ನ ಮಣಿಕಟ್ಟು ಹಿಡಿದಳು. "ಕಣ್ಣು ಬಿಟ್ಟು ನೋಡಿ. ಅದು ಕೊಡವಿಕೊಳ್ತಾ ಉಂಟಾ? ಸುಮ್ಮನೆ ನಿಂತು ಕೊಡ್ತಾ ಉಂಟು."

ನಿಂತಿತ್ತು ಮಗಳೇ. ಕದಲದೆ ನಿಂತಿತ್ತು. ಆ ಹುಳುಗಳಿಗೆ ಕಣ್ಣಿತ್ತು, ಬಾಲವಿತ್ತು. ಅವೇ ಮರಿಗಳು! ತಾಯ ಮೈಯ ಲೋಳೆಯನ್ನು ಹಾಲಿನಂತೆ ಹೀರುತ್ತಿದ್ದವು. ಬೆಳ್ಯಪ್ಪ ಅಂದು ಹೇಳಿದ್ದು ಅಕ್ಷರಶಃ ನಿಜ!

ಇನ್ನೂ ಇದೆ. ಸ್ವಲ್ಪ ಹೊತ್ತಿಗೆ ಆ ಮೀನಿಗೆ ಸುಸ್ತಾಯಿತು. ಒಂದು ಸಲ ಮೈ ಝಾಡಿಸಿ ಪಕ್ಕಕ್ಕೆ ಸರಿಯಿತು. ಇನ್ನೊಂದು ಬಂದು ಅಲ್ಲಿ ನಿಂತಿತು. ಮರಿಗಳೆಲ್ಲ ಒಂದು ಮೋಡದಂತೆ ಹಾರಿ ಅದರ ಮೈಗೆ ಅಂಟಿದವು. ಮೊಟ್ಟೆ ಇಡುವಾಗ ಪಕ್ಕದಲ್ಲಿ ಸುತ್ತುತ್ತಿದ್ದದ್ದು ಅದೇ, ಅದು ಗಂಡು! ಗಂಡೂ ಉಣಿಸುತ್ತದೆ! ನಾನು ಅಲ್ಲೇ ಒದ್ದೆ ನೆಲದಲ್ಲಿ ಕುಳಿತುಬಿಟ್ಟೆ. ಪೂಜೆಗೆ ತಡವಾಯಿತು. ದೇವರು ಬೇಸರಿಸಲಾರ. ಅವನೇ ಮಾಡಿದ ಕೆಲಸ ನೋಡುತ್ತಿದ್ದೆನಲ್ಲ.

ಅಪ್ಪಯ್ಯ


ಮೈಸೂರು
25-9-1961

ಅಪ್ಪಯ್ಯ,

ಹಾಸ್ಟೆಲಿನ ಮೆಟ್ಟಿಲ ಮೇಲೆ ನಿಂತು ಓದಿದೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ, ವಾರ್ಡನ್ ಬಂದು ನೀರು ಕೊಟ್ಟರು.

ಆದರೆ ಒಂದು ತೊಡಕು. ಮೇಷ್ಟ್ರು ಎರಡು ಸಲ ಓದಿ ಕನ್ನಡಕ ತೆಗೆದರು. "ಅದ್ಭುತ. ಆದರೆ ನೋಡಿದವರು ಯಾರು? ನಿನ್ನ ತಂದೆ. ಅವರು ಪುರಾಣ ಹೇಳುವವರೆಂದು ನೀನೇ ಹೇಳಿದ್ದೀಯ. ಸಮಿತಿಯವರು ನಗುತ್ತಾರೆ. ಮನೆಯ ಹೊರಗಿನವರು ನಾಲ್ಕು ಜನ ಕಣ್ಣಾರೆ ಕಂಡು ಬರೆದುಕೊಡಲಿ. ಅಷ್ಟಾದರೆ ಜಾಗ ನಿನ್ನದು" ಎಂದರು.

ಎರಡು ಮೂರು ವಾರಕ್ಕೆ ಮರಿಗಳು ಮೈ ಬಿಡುತ್ತವೆ. ಆಮೇಲೆ ತೋರಿಸಲು ಏನೂ ಇರುವುದಿಲ್ಲ. ಬಾಗಿಲಲ್ಲಿ ಅಮ್ಮ ಇದ್ದಾಳೆ, ಜನ ಬಂದರೆ ಮೀನು ಹೆದರುತ್ತವೆ. ನನಗೆ ದಾರಿ ಕಾಣುತ್ತಿಲ್ಲ.

ಕಾತ್ಯಾಯನಿ


ಚೇರಂಬಾಣೆ
30-9-1961

ಚಿ॥ ಕಾತ್ಯಾಯನಿಗೆ ಅಪ್ಪಯ್ಯನ ಆಶೀರ್ವಾದಗಳು.

ನಿನ್ನೆ ಸಂಜೆ ಮಂಗಳಾರತಿಯಾದ ಮೇಲೆ ಜಗಲಿಯಲ್ಲಿ ಪುರಾಣದ ಪುಸ್ತಕ ಬಿಚ್ಚಲಿಲ್ಲ. "ಇವತ್ತು ಬಚ್ಚಲುಮನೆಯ ಕಥೆ" ಎಂದೆ. ಕ್ಯಾನಿನಿಂದ ಹಿಡಿದು ಜಾಲರಿಯವರೆಗೆ ಒಂದನ್ನೂ ಬಿಡದೆ ಹೇಳಿದೆ. ತಾಮ್ರದ ಹಂಡೆಯನ್ನೂ ಬಿಡಲಿಲ್ಲ. ಜಗಲಿಯ ಮೇಲೆ ಹನ್ನೆರಡು ಜನ ಇದ್ದರು. ದೇರಪ್ಪ ನಡುನಡುವೆ ತನ್ನ ಹುಳುವಿನ ಪಾತ್ರವನ್ನು ದೊಡ್ಡದು ಮಾಡಿದ. ಅಂಗಳದ ಕೊನೆಯಲ್ಲಿ, ಯಾವಾಗಲೂ ಕೂರುವ ಜಾಗದಲ್ಲೇ, ನಾಟಿ ಕೆಲಸದ ಕೆಂಚಿ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಗಂಡ ಮಾರನ ಜೊತೆ ಕುಳಿತಿದ್ದಳು. ಗಂಡು ಮೀನಿನ ಮಾತು ಬಂದಾಗ ಅವಳು ಅಲ್ಲಿಂದಲೇ, "ಸುಳ್ಳು ಹೇಳ್ಬೇಡಿ ಅಯ್ಯಾ!" ಎಂದಳು. ಎಲ್ಲರೂ ನಕ್ಕರು. ನಾನು, "ಸುಳ್ಳೋ ನಿಜವೋ, ಮೈಸೂರಿನವರಿಗೂ ಅದೇ ಸಂಶಯ. ನಾಳೆ ಬಂದು ನೀವೇ ನೋಡಿ, ಮಹಜರು ಬರೆಯೋಣ" ಎಂದೆ.

ಅಮ್ಮನನ್ನು ಒಪ್ಪಿಸುವುದು ಹೇಗೆಂದು ಯೋಚಿಸುತ್ತ ಮನೆಗೆ ಬಂದರೆ, ಅವಳು ಆಗಲೇ ಕಂಬಳಿಯಲ್ಲಿ ಒಂದು ಕಣ್ಣಿನಷ್ಟು ತೂತು ಕತ್ತರಿಸುತ್ತಿದ್ದಳು.

ಇವತ್ತು ಬೆಳಿಗ್ಗೆ ಹನ್ನೆರಡು ಜನವೂ ಬಂದರು. ಚಪ್ಪಲಿ ಹೊರಗೆ, ಮಾತು ಹೊರಗೆ. ಒಬ್ಬೊಬ್ಬರಾಗಿ ಒಳಗೆ ಹೋಗಿ ಆ ತೂತಿಗೆ ಕಣ್ಣಿಟ್ಟರು. ಉಸಿರು ಬಿಗಿಹಿಡಿದು ಹೋದವರು ಹೊರಗೆ ಬಂದು ನೋಟ್‌ಬುಕ್ಕಿಗೆ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ದೇರಪ್ಪ ಮಾತ್ರ ಸಹಿಯ ಕೆಳಗೆ "ಹುಳ ಕೊಟ್ಟವ" ಎಂದು ಸೇರಿಸಿದ. ಕೆಂಚಿ, ಮಾರ ಹಿತ್ತಿಲ ಬೇಲಿಯಾಚೆ ನಿಂತಿದ್ದರು. ನಮ್ಮ ಮನೆಯೊಳಗೆ ಅವರು ಕಾಲಿಟ್ಟದ್ದೇ ಇಲ್ಲ, ನಾವು ಕರೆದದ್ದೂ ಇಲ್ಲ. ನಾನು ಅಮ್ಮನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. "ಕೆಂಚೀ, ಮಗು ಎಬ್ಬಿಸ್ಬೇಡ, ಮೆಲ್ಲ ಬಾ" ಎಂದು ತಾನೇ ಬಾಗಿಲಿನ ಮಣೆ ಸರಿಸಿದಳು.

ಕೆಂಚಿ ಬಹಳ ಹೊತ್ತು ನೋಡಿದಳು. ಆಗಲೇ ಸರಿಯಾಗಿ ಮರಿಗಳು ತಾಯಿಯಿಂದ ತಂದೆಗೆ ಹಾರಿದವಂತೆ. ಹೊರಗೆ ಬಂದು ಮಾರನ ತೋಳು ಹಿಡಿದು ಒಳಗೆ ಎಳೆದು, ಅವನ ತಲೆಯನ್ನು ಬಗ್ಗಿಸಿ ತೂತಿಗೆ ಇಟ್ಟಳು. "ಕಂಡಿತಾ?" ಎಂದಳು. "ಕಂಡಿತು" ಎಂದ ಮಾರ. "ಯಾರದು ಕೊಡ್ತಾ ಇರೋದು?" "ಗಂಡು." ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಒಟ್ಟು ಹದಿನಾಲ್ಕು ಸಾಕ್ಷಿ ಮಗಳೇ, ಮೇಷ್ಟ್ರು ಕೇಳಿದ್ದು ನಾಲ್ಕು! ನೋಟ್‌ಬುಕ್ಕನ್ನು ಬೆಳ್ಯಪ್ಪನ ಕೈಯಲ್ಲೇ ಕಳಿಸುತ್ತಿದ್ದೇನೆ. ಮಡಿಕೇರಿಯ ಶಾಲೆಗೆ ಬೇರೆ ಟೀಚರನ್ನು ನೋಡಿಕೊಳ್ಳಲು ನಾನೇ ಹೇಳಿಬರುತ್ತೇನೆ.

ಕೆಂಚಿ ಬೆರಳಿನ ಮಸಿಯನ್ನು ಹುಲ್ಲಿಗೆ ಒರೆಸಿದಳು. ಸೊಂಟದ ಮಗುವನ್ನು ಮಾರನ ತೋಳಿಗೆ ಕೊಟ್ಟಳು. ಗದ್ದೆಯ ಕಡೆಗೆ ತಿರುಗಿ ಕೈಬೀಸಿಕೊಂಡು ಒಬ್ಬಳೇ ನಡೆದಳು.